ಮುಡಿಗೆ ಎಟುಕಬೇಕಾದ ಕೈ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ ಸಂತಾನ ವೇಣುಗೋಪಾಲಸ್ವಾಮಿಯ ದೇವಾಲಯವಿದೆ. ಮಕ್ಕಳಿಲ್ಲದ ದಂಪತಿಗಳು ದೂರದೂರದ ಊರುಗಳಿಂದ ಇಲ್ಲಿಗೆ ಬಂದು ಹರಕೆ ಹೊರುತ್ತಾರೆ. ಹರಕೆ ಫಲಿಸಿದವರು ಮಗುವನ್ನು ಎತ್ತಿಕೊಂಡು ಮತ್ತೊಮ್ಮೆ ಬರುತ್ತಾರೆ. ಮಂಗಳಾರತಿಯ ಗಂಟೆ ಮೊಳಗಿದೊಡನೆ ನೆರೆದವರ ಕೈಗಳೆಲ್ಲ ತಾವಾಗಿಯೇ ತಲೆಯ ಮೇಲಕ್ಕೆ ಏರುವುದು ನಮ್ಮ ಯಾವ ಗುಡಿಯಲ್ಲಾದರೂ ಕಾಣುವ ನೋಟ. ಅದನ್ನು ಯಾರೂ ಗಮನಿಸುವುದಿಲ್ಲ. ಆ ಕೈಗಳಲ್ಲೊಂದು ಏಳದೆ ಉಳಿದಾಗ ಮಾತ್ರ ಗಮನಕ್ಕೆ ಬರುತ್ತದೆ.

ನಮಗೆ ಪರಿಚಿತರಾದ ಮೈಸೂರಿನ ಗೃಹಿಣಿಯೊಬ್ಬರಿಗೆ ಹೆಮ್ಮರಗಾಲ ತವರೂರು. ಮದುವೆಯಾಗಿ ಆರು ವರ್ಷ ಮಕ್ಕಳಾಗದೆ, ಇದೇ ಸ್ವಾಮಿಗೆ ಹರಕೆ ಹೊತ್ತು ಮಗನನ್ನು ಪಡೆದವರು ಅವರು. ಆ ಮಗನಿಗೆ ಹಾಲೂಡಿಸಿದ ಎಡಸ್ತನದಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ನೋವಿಲ್ಲದ ಒಂದು ಗಂಟು ಕಂಡಿತು. ಪರೀಕ್ಷೆಯಾಯಿತು, ಕ್ಯಾನ್ಸರ್ ಎಂದು ತಿಳಿಯಿತು. ಶಸ್ತ್ರವೈದ್ಯರು ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಗಾಯ ಚೆನ್ನಾಗಿ ಮಾಯಿತು. ಒಂದೂವರೆ ತಿಂಗಳು ಕಳೆದ ಮೇಲೆ, ಬದುಕಿ ಉಳಿದ ಕೃತಜ್ಞತೆಯಿಂದ, ಮಗನೊಡನೆ ಹೆಮ್ಮರಗಾಲಕ್ಕೆ ಹೋದರು. ಮಂಗಳಾರತಿಯ ಹೊತ್ತಿನಲ್ಲಿ ಬಲಗೈ ಮೇಲೇರಿತು. ಎಡಗೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಕೊನೆಗೆ ಬಲಗೈಯನ್ನೂ ಕೆಳಗಿಳಿಸಿ, ಎರಡನ್ನೂ ಎದೆಯ ಬಳಿಯಲ್ಲೇ ಜೋಡಿಸಿಕೊಂಡರಂತೆ.

ಅದಾದ ವಾರಕ್ಕೆ ವಿಕಿರಣ ಚಿಕಿತ್ಸೆಗಾಗಿ ಅಳತೆ ತೆಗೆಯುವ ದಿನ ಬಂದಿತು. ಈ ಚಿಕಿತ್ಸೆಯಲ್ಲಿ ರೋಗಿ ಅಂಗಾತ ಮಲಗಿ, ತೋಳನ್ನು ತಲೆಯ ಮೇಲಕ್ಕೆ ಎತ್ತಿ, ಅಲ್ಲಿರುವ ಆಸರೆಯ ಮೇಲೆ ಅಲುಗಾಡದಂತೆ ಇರಿಸಿಕೊಳ್ಳಬೇಕು. ತೋಳು ಕಿರಣದ ದಾರಿಗೆ ಅಡ್ಡವಾಗಿರಬಾರದು. ಪ್ರತಿದಿನವೂ ಅದೇ ಭಂಗಿಯಲ್ಲಿ ಮಲಗುವುದು ಅವಶ್ಯ. ಈಕೆಗೆ ಅದು ಸಾಧ್ಯವಾಗಲಿಲ್ಲ. ತೋಳು ಏಳುವವರೆಗೆ ಅಳತೆಯನ್ನು ಮುಂದೂಡಿ, ಅವರನ್ನು ಫಿಸಿಯೊಥೆರಪಿ ವಿಭಾಗಕ್ಕೆ ಕಳುಹಿಸಿದರು. ಗುಡಿಯಲ್ಲಿ ಮನಸ್ಸಿಗೆ ನೋವು ತಂದ ಸಂಗತಿ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನೇ ತಡೆದು ನಿಲ್ಲಿಸಿತು.

ಇದಕ್ಕೆ ಕಾರಣರು ಯಾರು? ಹುಡುಕಿ ನೋಡಿದರೆ, ಮನೆಯವರ ಪ್ರೀತಿಯೇ! “ಕೈ ಎತ್ತಬೇಡಿ ಅತ್ತೆ, ಹೊಲಿಗೆ ಬಿಟ್ಟೀತು” ಎಂದು ಸೊಸೆ ತಲೆ ಬಾಚಿ ಜಡೆ ಹೆಣೆದಳು. ಯಜಮಾನರು ಕಾಫಿಯ ಲೋಟವನ್ನು ಬಲಗೈಗೇ ತಂದು ಕೊಟ್ಟರು. ನೆರೆಮನೆಯವರು ಬಂದಾಗಲೆಲ್ಲ “ಆ ಕೈಗೆ ವಿಶ್ರಾಂತಿ ಕೊಡಿ” ಎಂದು ಉಪದೇಶಿಸಿ ಹೋದರು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಕೊಟ್ಟಿದ್ದ, ಚಿತ್ರಸಹಿತವಾದ ವ್ಯಾಯಾಮದ ಹಾಳೆ ಔಷಧಿಯ ಬಿಲ್ಲುಗಳ ನಡುವೆ ಮಡಿಸಿಟ್ಟಂತೆಯೇ ಇತ್ತು. ಸೆರಗಿನೊಳಗೆ ಎಡಗೈಯನ್ನು ಮಡಿಸಿ ಹುದುಗಿಸಿಕೊಳ್ಳುವುದು ಆಕೆಗೆ ರೂಢಿಯಾಯಿತು. ಮುರಿದ ಕೈಗೆ ಕಟ್ಟುವ ಜೋಳಿಗೆಯ ಕೆಲಸವನ್ನು ಸೆರಗೇ ಮಾಡಿತು. ಮುರಿಯದ ಕೈ ಆರು ವಾರ ಜೋಳಿಗೆಯಲ್ಲಿ ಕುಳಿತರೆ ಏನಾಗಬೇಕೋ ಅದೇ ಆಯಿತು.

ಭುಜದ ಕೀಲಿನ ರಚನೆಯನ್ನು ಸ್ವಲ್ಪ ತಿಳಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ. ಮನುಷ್ಯದೇಹದ ಕೀಲುಗಳಲ್ಲಿ ಭುಜದಷ್ಟು ಸ್ವತಂತ್ರವಾಗಿ ಆಡುವ ಕೀಲು ಬೇರೊಂದಿಲ್ಲ. ತೋಳಿನ ಮೂಳೆಯ ಗುಂಡುತಲೆ ಆಳವಿಲ್ಲದ ತಟ್ಟೆಯಂತಹ ಗುಳಿಯಲ್ಲಿ ಕುಳಿತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಮೂಳೆಗಿಂತ ಹೆಚ್ಚಾಗಿ ಸ್ನಾಯುಗಳು ಮತ್ತು ಕೀಲನ್ನು ಸುತ್ತಿದ ಚೀಲ. ತೋಳನ್ನು ಕೆಳಗಿನಿಂದ ನೆತ್ತಿಯ ಮೇಲಕ್ಕೆ ಒಯ್ಯುವ 180 ಡಿಗ್ರಿಯ ಚಲನೆಯಲ್ಲಿ ಸುಮಾರು 120 ಡಿಗ್ರಿ ಈ ಕೀಲಿನದು. ಉಳಿದ 60 ಡಿಗ್ರಿ ಬೆನ್ನಿನ ಮೇಲಿನ ಹೆಗಲೆಲುಬು ಪಕ್ಕೆಯ ಮೇಲೆ ಜಾರುವುದರಿಂದ ಬರುವಂಥದು. ಶಸ್ತ್ರಕ್ರಿಯೆ ನಡೆಯುವುದು ಭುಜದಲ್ಲಲ್ಲ, ನಿಜ. ಆದರೆ ಎದೆಯ ಚರ್ಮ, ಅದರಡಿಯ ಸ್ನಾಯು, ಕಂಕುಳಿನ ಮೆತ್ತೆ, ಇವೆಲ್ಲವೂ ತೋಳು ಏಳುವಾಗ ಹಿಗ್ಗಿ ದಾರಿ ಬಿಡಬೇಕಾದವು. ಗಾಯ ಮಾಯುವಾಗ ಅವು ಕುಗ್ಗುತ್ತವೆ. ಹಾಗೆ ಕುಗ್ಗುವ ಕಾಲದಲ್ಲಿಯೇ ತೋಳನ್ನು ಆಡಿಸದೆ ಬಿಟ್ಟರೆ, ಕುಗ್ಗಿದಷ್ಟೇ ಅದರ ಅಳತೆಯಾಗಿ ನಿಂತುಬಿಡುತ್ತದೆ. ಕೀಲಿನ ಚೀಲವೂ ಬಿಗಿದುಕೊಳ್ಳಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಹೀಗೆ ಬಿಗಿದುಕೊಳ್ಳುವ ಸಂಭವ ಇನ್ನೂ ಹೆಚ್ಚು.

ಕಂಕುಳಿನಲ್ಲಿ ಹಾದುಹೋಗುವ ನರಗಳ ಸಂಗತಿಯೂ ಇದೆ. ತೋಳಿನ ಒಳಭಾಗಕ್ಕೆ ಸ್ಪರ್ಶಜ್ಞಾನ ಕೊಡುವ ನರ ಗ್ರಂಥಿಗಳ ನಡುವೆಯೇ ಸಾಗುವುದರಿಂದ ಅನೇಕ ವೇಳೆ ಪೆಟ್ಟು ತಿನ್ನುತ್ತದೆ. ಆಮೇಲೆ ಆ ಭಾಗದಲ್ಲಿ ಜೋಮು, ಉರಿ, ಯಾರದೋ ಚರ್ಮವನ್ನು ಮುಟ್ಟಿದಂತಹ ಭಾವ. ಇದನ್ನು ಕಂಡು ಗಾಬರಿಯಾಗಿ ಕೈಯನ್ನು ಆಡಿಸುವುದನ್ನೇ ನಿಲ್ಲಿಸುವವರುಂಟು, ಅದು ತಪ್ಪು. ಹೆಗಲೆಲುಬನ್ನು ಪಕ್ಕೆಗೆ ಒತ್ತಿ ಹಿಡಿಯುವ ಸ್ನಾಯುವಿನ ನರ ನೊಂದರೆ ಮಾತ್ರ, ಗೋಡೆಯನ್ನು ತಳ್ಳುವಾಗ ಹೆಗಲೆಲುಬು ಹಕ್ಕಿಯ ರೆಕ್ಕೆಯಂತೆ ಹೊರಕ್ಕೆ ಎದ್ದು ಕಾಣುತ್ತದೆ. ಇದನ್ನು ವೈದ್ಯರಿಗೆ ತೋರಿಸಲೇಬೇಕು.

ಮತ್ತೊಂದು ವಿಚಿತ್ರ ತೊಂದರೆಯಿದೆ. ಶಸ್ತ್ರಕ್ರಿಯೆಯಾದ ಕೆಲವು ದಿನಗಳಿಗೋ ವಾರಗಳಿಗೋ, ತೋಳನ್ನು ಚಾಚಿದಾಗ ಕಂಕುಳಿನಿಂದ ಮೊಣಕೈಯ ಕಡೆಗೆ, ಕೆಲವೊಮ್ಮೆ ಮಣಿಕಟ್ಟಿನವರೆಗೂ, ಚರ್ಮದಡಿಯಲ್ಲಿ ತಂಬೂರಿಯ ತಂತಿ ಬಿಗಿದಂತೆ ಎದ್ದು ನಿಲ್ಲುತ್ತದೆ. ನೋಡಿದವರು ‘ನರ ಎಳೆದಿದೆ’ ಎನ್ನುತ್ತಾರೆ. ಅದು ನರವಲ್ಲ, ದುಗ್ಧನಾಳಗಳ ಸುತ್ತಲಿನ ಅಂಗಾಂಶ ಗಟ್ಟಿಯಾದದ್ದೆಂದು ವೈದ್ಯರ ಅಭಿಪ್ರಾಯ. ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇದು ತಾನಾಗಿ ಸಡಿಲಗೊಳ್ಳುತ್ತದೆ. ಮೆಲ್ಲಮೆಲ್ಲನೆ ಚಾಚುತ್ತಿದ್ದರೆ ಸುಲಭ. ಹೆದರಿ ಮಡಿಸಿಕೊಂಡರೆ ಕಷ್ಟ.

ಹಿಂದಿನ ಕಾಲದ ಶಸ್ತ್ರಕ್ರಿಯೆಗೆ ಹೋಲಿಸಿದರೆ ಇಂದಿನ ಸ್ತ್ರೀಯರು ಅದೃಷ್ಟಶಾಲಿಗಳೆನ್ನಬೇಕು. 1894ರಲ್ಲಿ ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಪ್ರಕಟಿಸಿದ ವಿಧಾನದಲ್ಲಿ ಸ್ತನ, ಕಂಕುಳಿನ ಗ್ರಂಥಿಗಳೊಡನೆ ಎದೆಯ ದಪ್ಪ ಸ್ನಾಯುಗಳನ್ನೂ ಕೊಯ್ದು ತೆಗೆಯುತ್ತಿದ್ದರು. ಮುಕ್ಕಾಲು ಶತಮಾನ ಅದೇ ಶಾಸ್ತ್ರವಾಗಿತ್ತು. ಎಷ್ಟು ಹೆಚ್ಚು ತೆಗೆದರೆ ಅಷ್ಟು ಕ್ಷೇಮ ಎಂಬ ನಂಬಿಕೆಗೆ ಎಷ್ಟೋ ಹೆಂಗಸರು ತೋಳಿನ ಬಲವನ್ನೇ ತೆತ್ತರು. 1948ರಲ್ಲಿ ಲಂಡನ್ನಿನ ಡೇವಿಡ್ ಪೇಟಿ ಎದೆಯ ದೊಡ್ಡ ಸ್ನಾಯುವನ್ನು ಉಳಿಸಬಹುದೆಂದು ತೋರಿಸಿದರು. 1971ರಲ್ಲಿ ಬರ್ನಾರ್ಡ್ ಫಿಶರ್ ಆರಂಭಿಸಿದ ಅಮೆರಿಕದ ದೊಡ್ಡ ಪ್ರಯೋಗವೊಂದು, ಹೆಚ್ಚು ಕೊಯ್ದವರು ಹೆಚ್ಚು ಕಾಲ ಬದುಕುವುದಿಲ್ಲವೆಂಬುದನ್ನು 25 ವರ್ಷಗಳ ಲೆಕ್ಕ ಸಹಿತ ಸ್ಥಾಪಿಸಿತು. 1990ರ ದಶಕದಿಂದೀಚೆಗೆ, ರೋಗ ಮೊದಲು ತಲಪಬಹುದಾದ ಒಂದೆರಡು ಕಾವಲು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸುವ ಪದ್ಧತಿ ಬಂದಿದೆ. ಆದರೆ ಈ ಲಾಭ ದೊರೆಯುವುದು ಬೇಗನೆ ಬಂದವರಿಗೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯ ಪ್ರಕಾರ ಆ ನಗರದ ಹೆಂಗಸರಲ್ಲಿ ಈಗ ಮೊದಲ ಸ್ಥಾನ ಸ್ತನದ ಕ್ಯಾನ್ಸರಿಗೇ. ಸಂಕೋಚದಿಂದ ತಡಮಾಡಿ ಬರುವವರು ನಮ್ಮಲ್ಲಿ ಇನ್ನೂ ಬಹಳ ಮಂದಿ. ಅವರಿಗೆ ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುವುದು ಅನಿವಾರ್ಯವಾಗುತ್ತದೆ.

ಹಾಲ್‌ಸ್ಟೆಡ್ ವಿಧಾನದ ಕಾಲದಲ್ಲಿಯೇ ಒಬ್ಬ ಹೆಣ್ಣುಮಗಳು ಈ ಕೈಯ ಪ್ರಶ್ನೆಯನ್ನು ಎತ್ತಿದಳೆಂಬುದು ಸ್ಮರಣೀಯ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಎಂಬಾಕೆಗೆ 1952ರಲ್ಲಿ ಸ್ತನದ ಶಸ್ತ್ರಕ್ರಿಯೆಯಾಯಿತು. ಮುಂದೆ ಹೇಗೆ ಬಾಳಬೇಕೆಂದು ತಿಳಿಸುವವರಿಲ್ಲದ್ದನ್ನು ಕಂಡು, ತಾನೇ ಇತರ ರೋಗಿಗಳ ಹಾಸಿಗೆಯ ಬಳಿಗೆ ಹೋಗತೊಡಗಿದಳು. ಆಕೆಯ ಚೀಲದಲ್ಲಿರುತ್ತಿದ್ದದ್ದು ಒಂದು ರಬ್ಬರ್ ಚೆಂಡು, ಒಂದು ತುಂಡು ಹಗ್ಗ, ಒಂದು ಚಿಕ್ಕ ಪುಸ್ತಿಕೆ. ಚೆಂಡು ಹಿಸುಕುವುದಕ್ಕೆ, ಹಗ್ಗ ಬಾಗಿಲ ಮೇಲೆ ಹಾಯಿಸಿ ಎಳೆಯುವುದಕ್ಕೆ. ತನ್ನ ಸಂಘಟನೆಗೆ ಆಕೆ ಇಟ್ಟ ಹೆಸರಿನಲ್ಲಿಯೇ ಕೈ ಚಾಚುವ ಮಾತಿದೆ: ‘ರೀಚ್ ಟು ರಿಕವರಿ’. 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನದಾಗಿ ಮಾಡಿಕೊಂಡಿತು.

ನಮ್ಮ ಗೃಹಿಣಿಯ ಕಥೆಗೆ ಹಿಂದಿರುಗೋಣ. ಫಿಸಿಯೊಥೆರಪಿ ವಿಭಾಗದಲ್ಲಿದ್ದ ಎಳೆಯ ವಯಸ್ಸಿನ ಹುಡುಗಿ ತೋಳನ್ನು ಅಳೆದು ನೋಡಿ ಕೇಳಿದ ಮೊದಲ ಪ್ರಶ್ನೆ: “ಅಮ್ಮಾ, ನಿಮ್ಮ ಮನೆಯಲ್ಲಿ ಒಂದು ಖಾಲಿ ಗೋಡೆ ಇದೆಯೆ?” ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಅದರ ಮೇಲಿಟ್ಟು, ಜೇಡ ಹತ್ತುವಂತೆ ಒಂದೊಂದೇ ಬೆರಳನ್ನು ಮೇಲಕ್ಕೆ ನಡೆಸುವುದು, ಬಿಗಿತ ತಿಳಿದ ಕಡೆ ನಿಂತು, ನಾಲ್ಕು ಉಸಿರು ತೆಗೆದುಕೊಂಡು, ಮೆಲ್ಲಗೆ ಇಳಿಯುವುದು. ಎಲ್ಲಿಯವರೆಗೆ ಹೋದಿರೆಂದು ದಿನವೂ ಗುರುತು ಹಾಕಿ ಎಂದಳು ಆಕೆ.

ಎರಡನೆಯ ಸಾಧನ ಸೂರಿನಿಂದ ಇಳಿಬಿಟ್ಟ ರಾಟೆ ಮತ್ತು ಹಗ್ಗ. ಇದು ನಮ್ಮ ಹಿತ್ತಲ ಬಾವಿಯ ರಾಟೆಯೇ, ಕೊಡವಿಲ್ಲ ಅಷ್ಟೆ. ಹಗ್ಗದ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಸರಿಯಾದ ಕೈ ಕೆಳಕ್ಕೆ ಎಳೆದರೆ ನೊಂದ ಕೈ ಮೇಲೇರುತ್ತದೆ. ನೊಂದ ಕೈಯದು ಇಲ್ಲಿ ಕೊಡದ ಪಾತ್ರ, ಅದು ಶ್ರಮಪಡಬೇಕಾದ್ದಿಲ್ಲ. ಮಲಗಿಕೊಂಡು ಎರಡು ಕೈಗಳಿಂದ ಒಂದು ಕೋಲನ್ನು ಹಿಡಿದು ತಲೆಯ ಕಡೆಗೆ ಒಯ್ಯುವುದೂ ಇದೇ ತತ್ತ್ವ. ಬೆನ್ನ ಹಿಂದಕ್ಕೆ ಕೈ ಹೋಗುವುದಕ್ಕೆ, ಸ್ನಾನವಾದ ಮೇಲೆ ಟವೆಲನ್ನು ಓರೆಯಾಗಿ ಹಿಡಿದು ಬೆನ್ನು ಒರೆಸಿಕೊಳ್ಳುವ ಕ್ರಿಯೆಗಿಂತ ಬೇರೆ ಅಂಗಸಾಧನೆ ಬೇಕಿಲ್ಲ.

ಇವೆಲ್ಲ ಆರಂಭವಾಗಬೇಕಾದದ್ದು ಆರು ವಾರಗಳ ಅನಂತರವಲ್ಲ. ಶಸ್ತ್ರಕ್ರಿಯೆಯ ಮರುದಿನದಿಂದಲೇ ಬೆರಳು ಮಡಿಸಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಿಸುವುದು, ದೀರ್ಘವಾಗಿ ಉಸಿರಾಡುವುದು ನಡೆಯಬೇಕು. ಊಟವನ್ನು ಆ ಕೈಯಿಂದಲೇ ಮಾಡಬಹುದು, ಮುಖ ತೊಳೆದುಕೊಳ್ಳಬಹುದು. ಗಾಯದ ನೀರನ್ನು ಹೊರಗೆ ಬಿಡುವ ನಳಿಕೆ ಇರುವವರೆಗೆ ಸಾಮಾನ್ಯವಾಗಿ ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲಕ್ಕೆ ಎತ್ತಬೇಡಿ ಎನ್ನುತ್ತಾರೆ. ಬಹಳ ಬೇಗ ಎತ್ತಿದರೆ ನೀರು ಒಸರುವುದು ಹೆಚ್ಚಬಹುದು. ಆ ನಿಷೇಧ ಕೆಲವು ದಿನಗಳದು ಮಾತ್ರ. ನಮ್ಮ ಮನೆಗಳಲ್ಲಿ ಅದು ತಿಂಗಳುಗಟ್ಟಲೆಯ ನಿಯಮವಾಗಿಬಿಡುತ್ತದೆ! ಇಂಗ್ಲೆಂಡಿನ 17 ಆಸ್ಪತ್ರೆಗಳಲ್ಲಿ, ಭುಜ ಬಿಗಿಯುವ ಸಂಭವ ಹೆಚ್ಚಾಗಿದ್ದ 392 ಸ್ತ್ರೀಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಏಳರಿಂದ ಹತ್ತು ದಿನಗಳಲ್ಲಿ ಫಿಸಿಯೊಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮವಾದ ವ್ಯಾಯಾಮ ತೊಡಗಿದವರ ತೋಳು ವರ್ಷದ ಕೊನೆಗೆ ಉಳಿದವರದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಗಾಯದ ತೊಡಕುಗಳೇನೂ ಹೆಚ್ಚಲಿಲ್ಲ.

ನೋವಿನ ವಿಚಾರದಲ್ಲಿ ಒಂದು ವಿವೇಕ ಬೇಕು. ಚರ್ಮ ಎಳೆದಂತಾಗುವುದು ಸಹಜ, ಅಲ್ಲಿಯವರೆಗೆ ಹೋಗಲೇಬೇಕು. ಚುಚ್ಚುವ ನೋವು ಬಂದರೆ ನಿಲ್ಲಿಸಬೇಕು. ಇಂದಿನ ವ್ಯಾಯಾಮದ ನೋವು ನಾಳೆಯೂ ಉಳಿದಿದ್ದರೆ ನಾಳೆ ಸ್ವಲ್ಪ ಕಡಿಮೆ ಮಾಡಬೇಕೇ ಹೊರತು ಬಿಡಬಾರದು. ಒಂದೇ ಸಲ ಅರ್ಧ ಗಂಟೆ ದಣಿಯುವುದಕ್ಕಿಂತ ದಿನಕ್ಕೆ ಮೂರು ಬಾರಿ ಹತ್ತು ನಿಮಿಷ ಲೇಸು. ವಿಕಿರಣ ಚಿಕಿತ್ಸೆ ಮುಗಿದ ಮೇಲೆಯೂ ಅಂಗಾಂಶಗಳು ತಿಂಗಳುಗಟ್ಟಲೆ ಬಿಗಿಯುತ್ತ ಹೋಗುವುದರಿಂದ ಈ ಅಭ್ಯಾಸವನ್ನು ವರ್ಷದವರೆಗಾದರೂ ಬಿಡತಕ್ಕದ್ದಲ್ಲ.

ಇನ್ನು ಮನೆಗೆಲಸ. ಆಸ್ಪತ್ರೆಯ ಹಾಳೆಯಲ್ಲಿ ಬರೆದ ಚಲನೆಗಳಲ್ಲಿ ಎಷ್ಟೋ ನಮ್ಮ ಅಡಿಗೆಮನೆಯಲ್ಲಿಯೇ ಇವೆ. ತಲೆ ಬಾಚಿಕೊಳ್ಳುವುದು ಅವುಗಳಲ್ಲಿ ಉತ್ತಮವಾದದ್ದು. ಆದರೆ ಕೈ ತಲೆಗೆ ಹೋಗಬೇಕು. ತಲೆ ಕೈಯ ಬಳಿಗೆ ಬಾಗಬಾರದು! ಮಜ್ಜಿಗೆ ಕಡೆಯುವ ಕಡೆಗೋಲಿನ ಹಗ್ಗ ಭುಜವನ್ನು ಹಿಂದಕ್ಕೂ ಮುಂದಕ್ಕೂ ಒಯ್ಯುತ್ತದೆ. ತೊಟ್ಟಿಲು ತೂಗುವುದು, ಹಗುರವಾದ ಬಟ್ಟೆಯನ್ನು ಹರವುವುದು, ದೇವರ ಪಟಕ್ಕೆ ಹೂವೇರಿಸುವುದು, ಎಲ್ಲವೂ ಒಂದೊಂದು ಪಾಠ. ತುಂಬಿದ ಬಿಂದಿಗೆ, ಗ್ಯಾಸಿನ ಸಿಲಿಂಡರು, ಅಕ್ಕಿಯ ಚೀಲ ಇವು ಸಾಮಾನ್ಯವಾಗಿ ಮೊದಲ ಆರು ವಾರ ಬೇಡ. ಆಮೇಲೂ ಸ್ವಲ್ಪಸ್ವಲ್ಪವಾಗಿ ಭಾರ ಏರಿಸಬೇಕು. ಸೊಸೆ ಅತ್ತೆಯ ಜಡೆ ಹೆಣೆಯಬಾರದೆಂದು ನಮ್ಮ ಮಾತಿನ ಅರ್ಥವಲ್ಲ. ಅತ್ತೆ ತಾನೇ ಅರ್ಧ ಹೆಣೆದ ಮೇಲೆ ಉಳಿದದ್ದನ್ನು ಹೆಣೆಯಲಿ.

ತೋಳು ಊದಿಕೊಳ್ಳುವ ಭಯ ಅನೇಕರನ್ನು ಕಾಡುತ್ತದೆ. ಕಂಕುಳಿನ ಗ್ರಂಥಿಗಳ ಮೂಲಕ ಹರಿದುಹೋಗಬೇಕಾದ ದುಗ್ಧರಸಕ್ಕೆ ದಾರಿ ಕಡಿಮೆಯಾಗಿ, ತೋಳಿನಲ್ಲಿ ನಿಂತು ಬಾವು ಬರುವುದುಂಟು. ಗ್ರಂಥಿಗಳನ್ನೆಲ್ಲ ತೆಗೆದವರಲ್ಲಿ ಸುಮಾರು ಐವರಿಗೊಬ್ಬರಂತೆ, ಕಾವಲು ಗ್ರಂಥಿಗಳನ್ನು ಮಾತ್ರ ತೆಗೆದವರಲ್ಲಿ ನೂರಕ್ಕೆ ಐದಾರು ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ. ಕೆಲವು ತಿಂಗಳಿಗೂ ಬರಬಹುದು, ಎಷ್ಟೋ ವರ್ಷಗಳ ಮೇಲೂ ಬರಬಹುದು. ಇದನ್ನು ಮೊದಲು ತಿಳಿಸುವ ಸಾಧನ ನಮ್ಮ ಹೆಂಗಸರ ಕೈಯಲ್ಲಿಯೇ ಇದೆ: ಬಳೆ. ಸಲೀಸಾಗಿ ಜಾರುತ್ತಿದ್ದ ಬಳೆ ಒಂದು ದಿನ ಬಿಗಿಯೆನಿಸಿದರೆ, ಉಂಗುರ ಅಚ್ಚೊತ್ತಿದರೆ, ರವಿಕೆಯ ಒಂದು ತೋಳು ಮಾತ್ರ ಹಿಡಿದಂತಾದರೆ, ಕೈ ಭಾರವೆನಿಸಿದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಆರಂಭದಲ್ಲಿಯೇ ಹಿಡಿದರೆ ಒತ್ತುಪಟ್ಟಿ, ಒತ್ತುತೋಳು, ಹಗುರವಾದ ನೀವುವಿಕೆ, ವ್ಯಾಯಾಮಗಳಿಂದ ಅಂಕೆಯಲ್ಲಿಡಬಹುದು. ಕೈ ಕೆಂಪೇರಿ ಬಿಸಿಯಾಗಿ ಜ್ವರ ಬಂದರಂತೂ ಅದು ಸೋಂಕು. ಆ ದಿನವೇ ಚಿಕಿತ್ಸೆಯಾಗಬೇಕು. ತರಕಾರಿ ಹೆಚ್ಚುವಾಗ, ಒಲೆಯ ಮುಂದೆ, ಹೂವಿನ ಗಿಡದ ಮುಳ್ಳಿನ ನಡುವೆ ಆ ಕೈಯ ಚರ್ಮವನ್ನು ಕಾಪಾಡಿಕೊಳ್ಳುವುದು ಇದೇ ಕಾರಣಕ್ಕಾಗಿ.

ದುಡಿದರೆ ತೋಳು ಊದೀತು ಎಂದು ವೈದ್ಯರೂ ಬಹುಕಾಲ ನಂಬಿದ್ದರು. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಸ್ತನದ ಕ್ಯಾನ್ಸರಿನಿಂದ ಪಾರಾದ 24 ಹೆಂಗಸರನ್ನು ಕೂಡಿಸಿ, ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕುವುದನ್ನು ಕಲಿಸಿದರು. ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಷ್ಮಿಟ್ಸ್ ಮತ್ತು ಸಹೋದ್ಯೋಗಿಗಳು, ಈಗಾಗಲೇ ಬಾವಿದ್ದ 141 ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆರಡು ಬಾರಿ, ನಿಧಾನವಾಗಿ ಏರಿಸುತ್ತ, ಭಾರ ಎತ್ತಿಸಿ ನೋಡಿದರು. ಬಾವು ಹೆಚ್ಚಲಿಲ್ಲ, ಅದು ಉಲ್ಬಣಿಸುವ ಪ್ರಸಂಗಗಳು ಕಡಿಮೆಯಾದವು.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ನಗರದ ಕ್ಯಾನ್ಸರ್ ಆಸ್ಪತ್ರೆಯೊಂದರ ವೈದ್ಯರೊಡಗೂಡಿ, ಸ್ತನದ ಶಸ್ತ್ರಕ್ರಿಯೆಗೆ ಒಳಗಾಗುವವರಿಗೆ ಯೋಗಾಭ್ಯಾಸ ಮಾಡಿಸಿದರು. 2008ರಲ್ಲಿ ಪ್ರಕಟವಾದ ಆ ವರದಿಯಂತೆ, ಯೋಗ ಮಾಡಿದವರ ನಳಿಕೆಯನ್ನೂ ಹೊಲಿಗೆಯನ್ನೂ ಬೇಗ ತೆಗೆಯಲು ಸಾಧ್ಯವಾಯಿತು. ಅವರು ಬೇಗ ಮನೆಗೆ ಹೋದರು. ಕನ್ನಡಿಗರ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿಯವರು 1999ರಲ್ಲಿ ಸ್ಥಾಪಿಸಿದ ಅನ್ವಯಿಕ ಚರ್ಮರೋಗ ಸಂಸ್ಥೆ, ಆನೆಕಾಲು ರೋಗದ ಬಾವಿಗೆ ಯೋಗ, ಆಯುರ್ವೇದ ಮತ್ತು ಒತ್ತುಪಟ್ಟಿಗಳನ್ನು ಕೂಡಿಸಿದ ಚಿಕಿತ್ಸೆಯಿಂದ ಹೆಸರಾಗಿದೆ. ಕಾಲಿನ ಬಾವಾಗಲಿ ಕೈಯ ಬಾವಾಗಲಿ, ಚಲನೆ, ಉಸಿರಾಟ, ಚರ್ಮದ ಶುಚಿ, ಹದವಾದ ಒತ್ತು ಇವೇ ಅದರ ಆಧಾರ.

ಕೊನೆಗೆ ಹೇಳಲು ಸಂಕೋಚವಾಗುವ ಒಂದು ಮಾತು. ಶಸ್ತ್ರಕ್ರಿಯೆಯಾದ ಎಷ್ಟೋ ಹೆಂಗಸರು ಎದೆಯ ಬರಿದನ್ನು ಮರೆಮಾಡಲು ಭುಜವನ್ನು ಮುಂದಕ್ಕೆ ಬಾಗಿಸಿ, ಬೆನ್ನು ಗೂನಾಗಿಸಿ ನಡೆಯುತ್ತಾರೆ. ಬಾಗಿದ ಬೆನ್ನಿನ ಮೇಲೆ ಹೆಗಲೆಲುಬು ಜಾರಲಾರದು; ಅದು ಜಾರದಿದ್ದರೆ ತೋಳು ಪೂರ್ತಿ ಏಳಲಾರದು. ಬೇಕಿದ್ದರೆ ನೀವೇ ಈಗ ಗೂನಾಗಿ ಕುಳಿತು ಕೈ ಎತ್ತಿ ನೋಡಿ. ರವಿಕೆಯೊಳಗೆ ಹತ್ತಿಯ ಮೆತ್ತೆಯನ್ನೋ ಕೃತಕ ಸ್ತನವನ್ನೋ ಇಟ್ಟು ಹೊಲಿಸಿಕೊಳ್ಳುವುದನ್ನು ಕೆಲವರು ಶೋಕಿಯೆಂದು ಮೂಗು ಮುರಿಯುತ್ತಾರೆ. ನೆಟ್ಟಗೆ ನಿಲ್ಲುವ ಧೈರ್ಯವನ್ನು ಅದು ಕೊಡುವುದಾದರೆ, ಅದೂ ಚಿಕಿತ್ಸೆಯ ಭಾಗವೇ.

ನಮ್ಮ ಗೃಹಿಣಿ ಆರಿಸಿಕೊಂಡದ್ದು ನಡುಮನೆಯ ಬಾಗಿಲ ಪಕ್ಕದ ಗೋಡೆ. ಅಲ್ಲಿ ಮಗನ ಪ್ರತಿ ಹುಟ್ಟುಹಬ್ಬದಂದು ಅವನ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು; ಮನೆಗೆ ಬಣ್ಣ ಬಳಿಸುವಾಗಲೂ ಆ ಒಂದು ಗೇಣು ಜಾಗವನ್ನು ಬಿಡಿಸಿದ್ದರು. ಮೊದಲ ದಿನ ಅವರ ಎಡಗೈಯ ಬೆರಳು ನಿಂತದ್ದು ಮಗನ ಎಂಟನೆಯ ವಯಸ್ಸಿನ ಗೆರೆಯ ಬಳಿ. ವಾರದಲ್ಲಿ ಒಂಬತ್ತನ್ನು ದಾಟಿತು. ಮೂರು ವಾರಕ್ಕೆ ಹನ್ನೆರಡು. ಆ ಹೊತ್ತಿಗೆ ವಿಕಿರಣ ಚಿಕಿತ್ಸೆಯ ಮೇಜಿನ ಮೇಲೆ ತೋಳು ಆಸರೆಗೆ ತಲಪುವಂತಾಗಿ, ತಡೆದಿದ್ದ ಚಿಕಿತ್ಸೆ ಆರಂಭವಾಯಿತು. ನಡುವೆ ವಿಕಿರಣದ ಉರಿಯಿಂದ ಹದಿನೈದು ದಿನ ಗೆರೆ ಕೆಳಕ್ಕೂ ಇಳಿದಿತ್ತು. ಆಕೆ ಅದನ್ನೂ ಬಿಡದೆ ಗುರುತು ಮಾಡಿದ್ದಾರೆ. ಈಗ ಎಂಟು ತಿಂಗಳಾಗಿದೆ. ಮಗನ ಎಲ್ಲ ಗೆರೆಗಳೂ ಕೆಳಗೆ ಉಳಿದಿವೆ. ಬಲಗೈ ಎಟುಕುವ ಮಟ್ಟಕ್ಕೆ ಮೇಲೊಂದು ಗುರುತಿದೆ; ಎಡಗೈ ಅದಕ್ಕಿಂತ ಇನ್ನೂ ನಾಲ್ಕು ಬೆರಳು ಕೆಳಗಿದೆ. ಸೀಮೆಸುಣ್ಣ ಹಿಡಿದು ಪಕ್ಕದ ಸ್ಟೂಲಿನ ಮೇಲೆ ನಿಲ್ಲುವವನು ಐದು ವರ್ಷದ ಮೊಮ್ಮಗ. ಅಜ್ಜಿ ತುದಿಗಾಲಲ್ಲಿ ನಿಂತರೆ ಅವನು ಗೆರೆ ಎಳೆಯಲು ಒಪ್ಪುವುದಿಲ್ಲವಂತೆ.